ಮಳವಳ್ಳಿ ಟೆಂಟಿನಲ್ಲಿ ವೆನಿಸ್

ಶಿವನಸಮುದ್ರಕ್ಕೆ ಹೊರಟ ಬಸ್ಸು ಕೆಟ್ಟು ಮಳವಳ್ಳಿಯಲ್ಲಿ ನಿಂತಿತು. ಅಲ್ಲಿನ ಸಿನಿಮಾ ಟೆಂಟಿನಲ್ಲಿ ಸಂಜೆಗೆ ಇಟಲಿಯ ವೆನಿಸ್ ನಗರದಲ್ಲಿ ನಡೆಯುವ ಹಳೆಯ ಪ್ರೇಮಚಿತ್ರವಿತ್ತು. ಕಾಲೇಜಿನ ದಿನಗಳಿಂದ ನಾನು ನೋಡಬೇಕೆಂದಿದ್ದ ಊರು ಅದು. ಯುರೋಪಿನಲ್ಲಿ ಯುದ್ಧ ಶುರುವಾಗಿ ಅಲ್ಲಿಗೆ ಹೋಗುವ ದಾರಿ ಮುಚ್ಚಿತ್ತು. ಹೆಂಗಸರ ಕಡೆ ಮರಳಿನ ಮೇಲೆ ಕುಳಿತೆ.

ಪ್ರೇಮಿಗಳು ಸೇತುವೆಯ ಮೇಲೋ ಗಂಟೆಗೋಪುರದ ಕೆಳಗೋ ಹತ್ತಿರವಾದಾಗಲೆಲ್ಲ ಪರದೆ ಕಪ್ಪಾಗುತ್ತಿತ್ತು. ಯಂತ್ರ ನಡೆಸುವ ಸಾಬರು ಬೆಳಕಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದರು. ಅವರಿಬ್ಬರ ಜೊತೆ ಊರೂ ಮಾಯವಾಗುತ್ತಿತ್ತು. ಮತ್ತೊಮ್ಮೆ ಹಾಗಾದಾಗ ಎದ್ದು ಯಂತ್ರದ ಬಳಿಗೆ ಹೋದೆ.

“ಕೈ ತೆಗೆಯಿರಿ. ನನಗೆ ಹಿಂದಿನ ಊರು ಕಾಣಬೇಕು.”

“ಎಂಗಸ್ರು ಕುಂತವ್ರೆ ಕಣಮ್ಮ. ಮರ್ವಾದೆ ಬ್ಯಾಡ್ವಾ?” ಎಂದರು ಸಾಬರು.

ಗಂಡಸರೆಲ್ಲ ತಿರುಗಿ ನನ್ನನ್ನೇ ನೋಡಿದರು. ನಾನು ಕದಲಲಿಲ್ಲ. ಅಷ್ಟರಲ್ಲಿ ನನ್ನ ಪಕ್ಕದಲ್ಲಿ ಕುಳಿತಿದ್ದ ಬೆಳಕವಾಡಿಯ ಅಜ್ಜಿ ಅಲ್ಲಿಂದಲೇ ಕೂಗಿದಳು: “ಕೈ ತಗೀ ಸಾಬಣ್ಣ! ಏಳ್ ಮಕ್ಳ ಎತ್ತಿವ್ನಿ, ನಾ ಕಾಣದ್ದಾ ಇದು?”

ನಗೆಯ ನಡುವೆ ಕೈ ಸರಿಯಿತು. ಪರದೆಯ ಮೇಲೆ ಮನೆಗಳ ಮೆಟ್ಟಿಲಿಗೇ ನೀರು ತಾಗುತ್ತಿತ್ತು. ಕಿಟಕಿಯಿಂದ ಕಿಟಕಿಗೆ ಕಟ್ಟಿದ ಹಗ್ಗದಲ್ಲಿ, ನಮ್ಮ ಕೇರಿಯಲ್ಲಿರುವಂತೆಯೇ, ಒಗೆದ ಬಟ್ಟೆ ಒಣಗುತ್ತಿತ್ತು. ಮರಳಿ ಬಂದು ಕುಳಿತಾಗ ಅಜ್ಜಿ ನನ್ನ ತೋಳು ಹಿಡಿದಳು.

“ನೋಡವ್ವ, ಬಾಗ್ಲಿಗೇ ನೀರು ಬಂದದೆ. ಬಿಂದ್ಗೆ ಒರೋ ಕಸ್ಟ ಇಲ್ಲ. ಪುಣ್ಯವಂತ್ರು!”

ಪ್ರೇಮಿಗಳು ಯಾವಾಗ ಹೊರಟುಹೋದರೋ, ನಾವಿಬ್ಬರೂ ನೋಡಲಿಲ್ಲ.