ಎಮ್ಮೆ ಡಾಕ್ಟರರೂ ಬೀದಿಬೆಕ್ಕೂ

ಎಂಬತ್ತರ ದಶಕದಲ್ಲಿ ನಾನು ಕಲಘಟಗಿಯಲ್ಲಿ ನೌಕರಿಗಿದ್ದೆ. ಅಲ್ಲಿ ಯಾರ ಕೈಗೂ ಸಿಗದ ಬೀದಿಬೆಕ್ಕೊಂದು ಬಸುರಾಗಿತ್ತು. “ನಾಯಿ ಕಾಟ ಭಾಳ ಐತ್ರಿ ಸರ, ಮರಿ ಹಾಕೂತನಾ ನಿಮ್ಮ ಖೋಲ್ಯಾಗ ಇರ್ಲಿ” ಎಂದು ಮನೆ ಮಾಲಕಿ ಗಂಗವ್ವ ಅದನ್ನು ಬುಟ್ಟಿಯಲ್ಲಿ ಮುಚ್ಚಿ ತಂದು ಬಿಟ್ಟಳು.

ಮರುದಿನ ಬೆಳಿಗ್ಗೆ ನೋವು ಶುರುವಾಯಿತು. ಮಧ್ಯಾಹ್ನವಾದರೂ ಮರಿಯೊಂದರ ಹಿಂಗಾಲುಗಳಷ್ಟೇ ಹೊರಗೆ ಬಂದಿದ್ದವು. ಬೆಕ್ಕು ಸೋತು ಕೂಗುವುದನ್ನೂ ನಿಲ್ಲಿಸಿದಾಗ ನಾನು ದನದ ಡಾಕ್ಟರರ ಹತ್ತಿರ ಓಡಿದೆ.

ಅವರು ಬಂದು ಬೆಕ್ಕನ್ನು ನೋಡಿದರು, ತಮ್ಮ ದಪ್ಪ ಬೆರಳುಗಳನ್ನೂ ನೋಡಿಕೊಂಡರು. “ಇವು ಎಮ್ಮಿಗೆ ಸರಿರಿ. ನಿಮ್ಮವು ಪೆನ್ನು ಹಿಡಿದ ಬೆರಳು, ಸಣ್ಣ ಅದಾವ. ನೀವ ಜಗ್ರಿ.”

“ನನಗ ಬೆಕ್ಕು ಹಿಡ್ಯಾಕ ಬರೂದಿಲ್ರಿ.”

“ಹಿಡ್ಯಾವ ನಾ! ನೀವು ಕೈ ತೊಳದು ಎಣ್ಣಿ ಹಚ್ಗೋರಿ, ಲಗೂ!”

ಅವರು ಅದನ್ನು ಗೋಣಿಚೀಲದಲ್ಲಿ ಸುತ್ತಿ ಹಿಡಿದರು. ಬೆಕ್ಕು ತಿಣುಕಿದಾಗ ನಾನು ಮೆಲ್ಲಗೆ ಜಗ್ಗಿದೆ. ಮರಿ ಸರಕ್ಕನೆ ಬಂತು, ಆದರೆ ಉಸಿರಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಗಂಗವ್ವ ಅದನ್ನೆತ್ತಿ ಸೆರಗಿನಲ್ಲಿ ತಿಕ್ಕಿದಳು, ಮತ್ತೆ ಮತ್ತೆ ತಿಕ್ಕಿದಳು. ಮರಿ ಚೀಂ ಎಂದಿತು! ನಾನು ಕೂಗಿದ್ದು ಬಸ್‌ಸ್ಟ್ಯಾಂಡಿಗೂ ಕೇಳಿಸಿರಬೇಕು. ಬೆನ್ನಿಗೇ ಇನ್ನೆರಡು ತಾವಾಗಿಯೇ ಹುಟ್ಟಿದವು.

ಇದು ತಮ್ಮ ಅನುಭವದ ಫಲವೆಂದರು ಡಾಕ್ಟರರು. ನನ್ನ ಬೆರಳಿನದೆಂದೆ ನಾನು. “ಎಲ್ಲಾ ಆ ಬಸವಣ್ಣಂದು” ಎಂದು ಗಂಗವ್ವ ಕೈಮುಗಿದಳು. ಬೆಕ್ಕು ನಮ್ಮ ಮೂವರನ್ನೂ ರಕ್ತ ಬರುವಂತೆ ಪರಚಿತ್ತು. ಬಸವಣ್ಣನ ಮೈಮೇಲೆ ಮಾತ್ರ ಒಂದು ಗೀರೂ ಇರಲಿಲ್ಲ.