ಅಗಲವಿಲ್ಲದ ಅಗಲದ ಹೊಲ

ಸಾಸ್ವೆಹಳ್ಳಿಯಿಂದ ಬೆಳಗಿನ ಬಸ್ಸಿಗೆ ನಾನು, ನನ್ನ ಹೆಂಡತಿ ಗಿರಿಜಾ ಹೊರಟೆವು. ಜಗಳೂರು ಕಡೆಯ ಹಳ್ಳಿಯೊಂದು ಅವಳ ತವರು. ಅವಳಿಗೆ ಟಿಕೆಟ್ ಫ್ರೀ, ದುಡ್ಡು ಕೊಟ್ಟವನು ನಾನು; ಕಿಟಕಿ ಸೀಟು ಮಾತ್ರ ಅವಳದೇ. ಹೊನ್ನಾಳಿವರೆಗೆ ಭತ್ತದ ಗದ್ದೆಗಳು ಜೊತೆಗೇ ಬಂದವು. ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿ ತಿಂದು ಬಸ್ಸು ಬದಲಿಸಿದೆವು. ಜಗಳೂರು ಹತ್ತಿರವಾದಂತೆ ನೆಲ ಕೆಂಪಾಯಿತು, ಗಾಳಿ ಒಣಗಿತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗುದ್ದಲಿ ಹಿಡಿದವನು. ನಾನು ಹಾಕಿದ ಬದು ಒಂದೂ ಮಳೆಗೆ ಒಡೆದಿಲ್ಲ. ಅದಕ್ಕೇ ಭಾಮೈದ ತಿಪ್ಪೇಶ ಕರೆಸಿದ್ದ. ಅವನ ಹೊಲದ ಮೇಲ್ಬದಿಗೆ ಎರಡಾಳೆತ್ತರದ ಹಳೇ ಮಣ್ಣಿನ ಒಡ್ಡು. ಅದನ್ನು ತೆಗೆಸಿ ಹೊಲ ಹಿಗ್ಗಿಸಬೇಕು, ನಾಳೆ ಜೆಸಿಬಿ ಬರುತ್ತದೆ, ನಾನು ನಿಂತು ಕೆಲಸ ಮಾಡಿಸಬೇಕು.

ಸಂಜೆ ಹೋಗಿ ನೋಡಿದೆವು. ಊರವರು ಅದನ್ನು ಅಗಲದ ಹೊಲ ಎನ್ನುತ್ತಾರೆಂದ ತಿಪ್ಪೇಶ. ಅಗಲ ಇಪ್ಪತ್ತು ಹೆಜ್ಜೆ ಇರಲಿಲ್ಲ. ಒಡ್ಡಿನ ಬುಡಕ್ಕೆ ಉದ್ದಕ್ಕೆ ಪಟ್ಟಿಯ ಹಾಗೆ ತಗ್ಗಿನಲ್ಲಿ ಬಿದ್ದಿತ್ತು.

"ಇದಕ್ಕೆ ಅಗಲ ಅಂತ ಹೆಸರಿಟ್ಟೋನು ಯಾವನೋ?"

"ಅದಕ್ಕೇ ಬಾವ ನಿಮ್ಮನ್ನ ಕರ್ಸಿದ್ದು. ಹೆಸರು ಉಳಿಸ್ರಿ."

ಒಡ್ಡಿನ ಮಗ್ಗುಲನ್ನು ಒಂದು ಮೊಳ ಕಡಿದೆ. ಗುದ್ದಲಿ ಠಣ್ ಎಂದಿತು. ಕೆಂಪು ಮಣ್ಣಿನದೊಂದು ಪದರ, ನೊರಜುಗಲ್ಲು ಬೆರೆಸಿದ್ದೊಂದು ಪದರ, ನಾಲ್ಕು ಬೆರಳಿಗೊಂದರಂತೆ ಬಡಿದು ಕೂರಿಸಿದ್ದರು. ಅಂಥ ಕೈ ನನ್ನದಲ್ಲ. ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಬದು ಹಾಕುವವನು ಮೊದಲು ಹುಡುಕುವುದು ಮಣ್ಣು ತೆಗೆದ ಗುಂಡಿ. "ಇಷ್ಟು ಮಣ್ಣಿಗೆ ಗುಂಡಿ ಎಲ್ಲೈತೆ?" ಎಂದೆ.

ಮೇಕೆ ಹೊಡೆದುಕೊಂಡು ಬರುತ್ತಿದ್ದ ಪಕ್ಕದ ಹೊಲದ ಓಬಜ್ಜಿ ನಕ್ಕಳು. "ಗುಂಡಿಯಾಗೇ ನಿಂತಿದೀರಲ್ಲಪ್ಪ! ಇದು ಅಗಲ ಅಲ್ಲ, ಅಗಳು. ಈ ಒಡ್ಡೇ ಹಳೇ ಕೋಟೆ ಗ್ವಾಡೆ. ಅದರ ಸುತ್ತ ನೀರು ನಿಲ್ಸಾಕೆ ತೋಡಿದ್ದು, ತೋಡಿದ ಮಣ್ಣೇ ಗ್ವಾಡೆ ಆತು. ಹೂಳು ತುಂಬಿ ಹೊಲ ಆತು. ನಿಮ್ಮ ತಿಪ್ಪ ಡಿಗ್ರಿ ಓದಿ ಅಗಲ ಮಾಡ್ಕಂಡ."

ತಿಪ್ಪೇಶನ ಮುಖ ಸಣ್ಣದಾಯಿತು. "ಕೋಟೆನೋ ಗೀಟೆನೋ, ನನಗೆ ನಾಕು ಸಾಲು ಈರುಳ್ಳಿ ಹೆಚ್ಚಿಗೆ ಬರ್ತಿತ್ತು ಬಾವ."

"ಬರಲ್ಲ ಕಣೋ. ಈ ಒಡ್ಡು ಹೋದ್ರೆ ಮೇಲಿನ ನೀರೆಲ್ಲ ಇಲ್ಲಿಗೇ ಇಳಿತೈತೆ. ಇರೋ ಸಾಲೂ ಕೊಳೆತಾವೆ. ಮಾಡಿಸ್ತೀನಿ ಅಂತ ಒಪ್ಪಿದ್ದು ನಾನೇ, ಬ್ಯಾಡ ಅನ್ನೋನೂ ನಾನೇ."

ಅವನು ಒಡ್ಡಿನ ಮೇಲೆ ಹತ್ತಿ ಈ ತುದಿಯಿಂದ ಆ ತುದಿಗೆ ನಡೆದ. ಇಳಿದು ಬಂದು ಜೆಸಿಬಿಯವನಿಗೆ ಫೋನ್ ಮಾಡಿ "ನಾಳೆ ಬರಬ್ಯಾಡ್ರಿ" ಎಂದ. ರಾತ್ರಿ ಗಿರಿಜಾ ಮುದ್ದೆಗೆ ತುಪ್ಪ ಬಡಿಸುವಾಗಲೂ ಅವನು ಆ ನಾಲ್ಕು ಸಾಲು ಈರುಳ್ಳಿಯ ಲೆಕ್ಕ ಹಾಕುತ್ತಿದ್ದ.

ಬೆಳಿಗ್ಗೆ ನಾನು ಕಡಿದ ಜಾಗ ತುಂಬಲು ಹೋದಾಗ, ಕರೆಯದಿದ್ದರೂ ತಿಪ್ಪೇಶ ಕೊಡ ಹೊತ್ತು ಬಂದ. ಅವನು ನೀರು ಚಿಮುಕಿಸಿದ, ನಾನು ಪದರ ಪದರವಾಗಿ ಮಣ್ಣು ಹಾಕಿ ದಿಮ್ಮಸಿನಿಂದ ಬಡಿದೆ. ಆ ಒಂದು ಮೊಳ ಮುಗಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು.

ಓಬಜ್ಜಿ ಕೋಲಿನಿಂದ ಕುಕ್ಕಿ ನೋಡಿದಳು. "ಪರವಾಗಿಲ್ಲ. ಇನ್ನೊಂದೆರಡು ವರ್ಸ ಕಲಿತ್ರೆ ಬರ್ತೈತೆ."

ತಿಪ್ಪೇಶ ಹಿಂದಿನ ದಿನದಿಂದ ಮೊದಲ ಸಲ ಜೋರಾಗಿ ನಕ್ಕ. ಬಸ್ಸಿಗೆ ಹೊರಟಾಗ ತಿರುಗಿ ನೋಡಿದೆ. ಅಷ್ಟುದ್ದದ ಒಡ್ಡಿನಲ್ಲಿ ಒಂದು ಮೊಳ ಇನ್ನೂ ಹಸಿಯಾಗಿತ್ತು. ಅದು ನಮ್ಮದು.