ಇದ್ದಿಲ ತೊಟ್ಟಿಗೆ ಆಯುಧಪೂಜೆ

ನೀರು ತಿಳಿಯಾದಷ್ಟೂ ವತ್ಸಲಾ ಮೇಡಂ ಹುಬ್ಬು ಗಂಟಿಕ್ಕುತ್ತಿದ್ದರು. ಹೋಟೆಲಿನಲ್ಲಿ ಲೋಟವನ್ನು ಬೆಳಕಿಗೆ ಹಿಡಿದು, ಮೂಸಿ, ಒಲ್ಲದ ಮನಸ್ಸಿನಿಂದ ಒಂದು ಗುಟುಕು ಕುಡಿಯುವರು. ಅಷ್ಟರಲ್ಲಿ ನನ್ನ ದೋಸೆ ಆರಿಹೋಗಿರುತ್ತಿತ್ತು. ಚಾಮರಾಜಪೇಟೆಯಲ್ಲಿ ಅವರದೊಂದು ನೀರು ಶುದ್ಧೀಕರಣದ ಪುಟ್ಟ ಕಂಪನಿ. ಅಲ್ಲೇ ನನ್ನ ಕೆಲಸ.

ಬಸವನಗುಡಿಯ ಮದುವೆ ಛತ್ರವೊಂದರ ಹಳೇ ಬಾವಿಗೆ ಎಲೆ ಬಿದ್ದು ಕೊಳೆತು, ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಬಾವಿ ಮುಚ್ಚಿ ಪಾರ್ಕಿಂಗ್ ಮಾಡೋಣವೆಂದು ಕಮಿಟಿ ಹೊರಟಾಗ, ಮೇಡಂ ಹಟ ಹಿಡಿದು ಓಝೋನ್ ಯಂತ್ರ ಹಾಕಿಸಿದರು. ಆ ಅನಿಲ ಹಾಯುತ್ತಲೇ ನೀರು ತಿಳಿಯಾಯಿತು. ಛತ್ರದ ಕಾರ್ಯದರ್ಶಿ ಶಾಮಣ್ಣನವರಿಗೆ ಹಿಡಿಸಲಾರದಷ್ಟು ಸಂತೋಷ. ಮೇಡಂ ಮಾತ್ರ ಪರೀಕ್ಷೆ ಮಾಡಿಸಿ ತಲೆಯಾಡಿಸಿದರು.

"ಬಣ್ಣ ಹೋಗಿದೆ ಶಾಮಣ್ಣನೋರೆ, ಸರಕು ಹೋಗಿಲ್ಲ. ಎಲೆಯ ಕಾರ್ಬನ್ ಇನ್ನೂ ನೀರಲ್ಲೇ ಇದೆ. ಓಝೋನ್ ತರಕಾರಿ ಹೆಚ್ಚಿ ಕೊಡುತ್ತೆ ಅಷ್ಟೇ. ಊಟ ಮಾಡೋರು ಆಮೇಲೆ ಬರ್ತಾರೆ."

ಊಟ ಮಾಡುವವರೆಂದರೆ ಸೂಕ್ಷ್ಮಜೀವಿಗಳು. ಅವಕ್ಕೆಂದೇ ಪಕ್ಕದಲ್ಲಿ ಇದ್ದಿಲ ತೊಟ್ಟಿ ಕಟ್ಟಿಸಿದರು. ಇದ್ದಿಲ ಮೇಲೆ ಅವು ಲೋಳೆ ಕಟ್ಟಿ ನೆಲೆಯೂರಲು ತಿಂಗಳುಗಟ್ಟಲೆ ಬೇಕು. ಇನ್ನೇನು ಕಾರ್ಬನ್ ಇಳಿಯುತ್ತಿದೆ ಎನ್ನುವಾಗ ಆಯುಧಪೂಜೆ ಬಂತು. ನಮ್ಮ ಜನ ಹಬ್ಬಕ್ಕೆ ಸ್ಕೂಟರನ್ನೇ ಬಿಡುವುದಿಲ್ಲ, ಇನ್ನು ಇದನ್ನು ಬಿಡುತ್ತಾರೆಯೇ! ಶಾಮಣ್ಣನವರು ಮುಂದೆ ನಿಂತು ಇದ್ದಿಲನ್ನೆಲ್ಲ ಬ್ಲೀಚಿಂಗ್ ಪುಡಿ ಹಾಕಿ ಫಳಫಳ ತೊಳೆಸಿ, ತೊಟ್ಟಿಗೆ ಅರಿಶಿನ ಕುಂಕುಮವಿಟ್ಟು, ಮಾರ್ಕೆಟ್ಟಿನ ಚೆಂಡು ಹೂವಿನ ಹಾರ ಹಾಕಿಸಿ, ಬೂದುಗುಂಬಳ ಒಡೆದರು. ಪ್ರಸಾದ ತಗೊಳ್ಳಿ ಎಂದು ನಮ್ಮನ್ನೂ ಕರೆದರು.

ಮೇಡಂ ತೊಟ್ಟಿಯನ್ನು ಬಗ್ಗಿ ನೋಡಿದರು. ಈಗ ಗುಡುಗುತ್ತಾರೆ ಅಂದುಕೊಂಡೆ. ಕಡಲೆಪುರಿ ಬಾಯಿಗೆ ಹಾಕಿಕೊಂಡು ಮೆಲ್ಲಗೆ, "ಹಬ್ಬದ ದಿನ ಮನೆಯವರನ್ನೇ ಓಡಿಸಿಬಿಟ್ರಲ್ಲ" ಎಂದರು. ಪಾಪ, ಶಾಮಣ್ಣನವರಿಗೆ ಅರ್ಥವಾಗಲಿಲ್ಲ. ಬ್ಲೀಚಿಂಗ್ ಪುಡಿಗೆ ಆ ಜೀವಿಗಳೆಲ್ಲ ಸತ್ತವೆಂದು ನಾನು ವಿವರಿಸಿದಾಗ ಅವರ ಮುಖ ಬಾಡಿತು.

ಕಾರ್ಬನ್ ಮತ್ತೆ ಏರಿತು. ಬಾವಿ ಮುಚ್ಚುವ ಮಾತು ಮತ್ತೆ ಎದ್ದಿತು. ಲೋಳೆ ಮತ್ತೆ ಕಟ್ಟಲು ಸಮಯ ಬೇಕು, ಮದುವೆಗಳಿಗೆ ಟ್ಯಾಂಕರ್ ನೀರು ತರಿಸಿ, ಧನುರ್ಮಾಸದಲ್ಲಿ ಹೇಗೂ ಛತ್ರ ಖಾಲಿ, ಅದು ಮುಗಿಯುವವರೆಗೆ ತಡೆಯಿರಿ ಎಂದು ಮೇಡಂ ಕಮಿಟಿಯೆದುರು ಕೈ ಮುಗಿದು ಕೇಳಿಕೊಂಡರು. ಯಾರ ಮುಂದೆಯೂ ತಲೆ ಬಾಗದ ಹೆಂಗಸು. ಕಮಿಟಿ ಒಪ್ಪಿತು.

ಆ ಧನುರ್ಮಾಸದಲ್ಲೇ, ಒಂದು ಬೆಳಗ್ಗೆ, ಮೇಡಂ ಹೃದಯಾಘಾತದಿಂದ ತೀರಿಕೊಂಡರು.

ಸಂಕ್ರಾಂತಿ ಕಳೆದು ನಾನೊಬ್ಬನೇ ನೀರು ಹಿಡಿದು ಪರೀಕ್ಷೆಗೆ ಕೊಟ್ಟೆ. ಕಾರ್ಬನ್ ಇಳಿದಿತ್ತು, ಮೇಡಂ ಹೇಳಿದ ಮಟ್ಟಕ್ಕಿಂತಲೂ ಕೆಳಗೆ. ಶಾಮಣ್ಣನವರು ಕಾಶಿಯಾತ್ರೆ ಮುಗಿಸಿ ಅಂದೇ ಊರಿಗೆ ಬಂದಿದ್ದರು. ಅವರಿಗೆ ಸಾವಿನ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ. ಫಲಿತಾಂಶ ಕೇಳಿ ನನ್ನ ಎರಡೂ ಕೈ ಹಿಡಿದುಕೊಂಡರು.

"ಬಾವಿ ಉಳೀತು ಬಿಡಪ್ಪ. ಮೊದಲು ಮೇಡಂಗೆ ಫೋನ್ ಮಾಡು. ಇನ್ಮೇಲೆ ಆ ತೊಟ್ಟಿ ಮುಟ್ಟೋಕೆ ಯಾರನ್ನೂ ಬಿಡಲ್ಲ ಅಂತ ನಾನೇ ಹೇಳ್ಬೇಕು."

ನಾನು ಅವರನ್ನು ಬಾವಿಕಟ್ಟೆಯ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತೆ.